ಪಟ್ಟಿ ಬಿಚ್ಚುವವಳು

"ಗುರುಗಳೇ, ಕೀವು ರಕ್ತ ಕಂಡರೆ ಹೊಟ್ಟೆ ತೊಳಸುವವಳು ನರ್ಸಿಂಗ್ ಓದಬಹುದೇ?"

ಕೇಳಿದವಳು ಕಸ್ತೂರಿ, ಮಠದ ಶಾಲೆಯಲ್ಲಿಯೇ ಓದಿ ಮುಗಿಸಿದವಳು. ನರ್ಸಿಂಗ್ ಶಾಲೆಯಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಸೇರುತ್ತೀಯೋ ಇಲ್ಲವೋ ಎಂದು ಸೋಮವಾರದೊಳಗೆ ತಿಳಿಸಬೇಕಿತ್ತು. ಹಿಂದಿನ ವಾರ ಅವಳು ಆಸ್ಪತ್ರೆ ನೋಡಿಬರಲು ಹೋಗಿದ್ದಳು. ಅಲ್ಲಿ ಒಬ್ಬ ಮುದುಕಿಯ ಬೆನ್ನಿನ ಹುಣ್ಣು ತೊಳೆಯುತ್ತಿದ್ದರು. ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಆದರೂ ಆ ಕೆಲಸವೇ ಅವಳಿಗೆ ಬೇಕಾಗಿತ್ತು. ಬೇರೆ ಯಾವುದನ್ನೂ ಅವಳು ಇಷ್ಟು ಬಯಸಿರಲಿಲ್ಲ.

"ಈ ಹೇಸಿಗೆ ಹೋಗಲಿ ಎಂದು ಒಂದು ವರ್ಷ ಕಾಯಲೇ? ಅಥವಾ ಆಸೆಯನ್ನೇ ಬಿಟ್ಟುಬಿಡಲೇ?"

"ಕುಳಿತುಕೋ ಮಗಳೇ," ಎಂದರು ಗುರುಗಳು. "ಸೋಮವಾರಕ್ಕೆ ಇನ್ನೂ ಹೊತ್ತಿದೆ." ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಗಾಯ ಮತ್ತು ಹುಣ್ಣು, ಇವೆರಡೇ ಅವನ ವಿದ್ಯೆ. ಜ್ವರ ಎಂದು ಯಾರಾದರೂ ಬಂದರೆ ಮುಂದಿನ ಊರಿನ ದಾರಿ ತೋರಿಸುತ್ತಿದ್ದ. ಗಾಯಕ್ಕೆ ಸೊಪ್ಪಿನ ಲೇಪ ಹಚ್ಚಿ, ಮೇಲೆ ಹಳೆಯ ಪಂಚೆಯ ಪಟ್ಟಿ ಸುತ್ತಿ, ಮೂರು ದಿನ ಬಿಟ್ಟು ಬಾ ಎನ್ನುತ್ತಿದ್ದ. ಅಷ್ಟರಲ್ಲಿ ಲೇಪ ಒಣಗಿ ಪಟ್ಟಿ ಗಾಯಕ್ಕೆ ಕಚ್ಚಿಕೊಂಡಿರುತ್ತಿತ್ತು. ವೈದ್ಯ ಅದನ್ನು ಒಂದೇ ಎಳೆತಕ್ಕೆ ಕೀಳುತ್ತಿದ್ದ. ಬೇಗ ಕಿತ್ತರೆ ನೋವು ಬೇಗ ಮುಗಿಯುತ್ತದೆ ಎಂದು ಅವನ ನಂಬಿಕೆ. ನೋವು ಅವನದಲ್ಲವಾದ್ದರಿಂದ ಆ ನಂಬಿಕೆಯನ್ನು ಪರೀಕ್ಷಿಸುವ ಪ್ರಸಂಗ ಅವನಿಗೆ ಬರಲಿಲ್ಲ.

ಅವನಿಗೆ ವಯಸ್ಸಾಯಿತು. ಪಟ್ಟಿ ಬಿಚ್ಚಿ ಗಾಯ ತೊಳೆಯಲು ಒಬ್ಬರು ಬೇಕಾದರು. ಒಬ್ಬ ಹೆಂಗಸು ತಾನಾಗಿ ಬಂದು, ಆ ಕೆಲಸ ನನಗೆ ಕೊಡಿ ಎಂದಳು. ಮೊದಲನೆಯ ದಿನ ಮೊದಲನೆಯ ಪಟ್ಟಿ ಬಿಚ್ಚಿದಾಗಲೇ ಅವಳು ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡಳು. ಹೊತ್ತು ಮುಳುಗುವುದರೊಳಗೆ ನಾಲ್ಕು ಸಲ ಓಡಿದಳು. ಇನ್ನು ಇವಳು ಬರುವುದಿಲ್ಲ ಎಂದುಕೊಂಡ ವೈದ್ಯ. ಮರುದಿನ ಬೆಳಿಗ್ಗೆ ಅವಳು ಏನೂ ತಿನ್ನದೆ ಬಂದಳು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಓಡುವ ಕೆಲಸವಾದರೂ ತಪ್ಪುತ್ತದೆ ಎಂಬುದು ಅವಳ ಉಪಾಯ.

ಕೆಲವು ದಿನಗಳಲ್ಲಿ ಅವಳು ಇನ್ನೊಂದು ಉಪಾಯ ಕಂಡುಕೊಂಡಳು. ಪಟ್ಟಿ ಕೀಳುವ ಗಳಿಗೆಯೇ ಅವಳಿಗೆ ಎಲ್ಲಕ್ಕಿಂತ ಭಯ. ಆ ಗಳಿಗೆಯನ್ನು ಆದಷ್ಟು ಮುಂದೂಡಬೇಕು. ಅದಕ್ಕಾಗಿ ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಬೆಚ್ಚಗಾದ ಮೇಲೆ, ಪಟ್ಟಿಯ ಮೇಲೆ ಸಣ್ಣಗೆ ಬಿಡುತ್ತ ಕೂರುತ್ತಿದ್ದಳು. ಗಾಯ ನೋಡಲಾರದೆ ರೋಗಿಯ ಮುಖ ನೋಡುತ್ತಿದ್ದಳು. ಮುಖ ನೋಡಿದ ಮೇಲೆ ಸುಮ್ಮನಿರುವುದು ಹೇಗೆ? ಯಾವ ಊರು, ಮನೆಯಲ್ಲಿ ಯಾರಿದ್ದಾರೆ, ಎಮ್ಮೆ ಕರು ಹಾಕಿತೇ ಎಂದು ಕೇಳುತ್ತಿದ್ದಳು. ಅವಳ ಕೈ ನಡುಗುತ್ತಿತ್ತು. ಕಡೆಗೆ, ಈಗ ಬಿಚ್ಚುತ್ತೇನೆ, ಉಸಿರು ಹಿಡಿ ಎನ್ನುತ್ತಿದ್ದಳು. ಅದನ್ನು ಅವಳು ತನಗೇ ಹೇಳಿಕೊಳ್ಳುತ್ತಿದ್ದಳು. ರೋಗಿಗಳು ತಮಗೆ ಹೇಳಿದಳು ಎಂದು ತಿಳಿದು ಉಸಿರು ಹಿಡಿಯುತ್ತಿದ್ದರು. ಅಷ್ಟು ಹೊತ್ತಿಗೆ ಪಟ್ಟಿ ನೆನೆದು ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು.

ಆ ವರ್ಷ ಗಾಯಗಳು ಬೇಗ ಮಾಯತೊಡಗಿದವು. ತಿಂಗಳು ಹಿಡಿಯುತ್ತಿದ್ದ ಹುಣ್ಣು ಹದಿನೈದು ದಿನಕ್ಕೆ ಕೂಡಿಕೊಳ್ಳುತ್ತಿತ್ತು. ಇದು ತನ್ನ ಲೇಪದ ಗುಣ ಎಂದುಕೊಂಡ ವೈದ್ಯ. ಊರವರೂ ಹಾಗೆಯೇ ಎಂದುಕೊಂಡರು. ಆ ಹೆಂಗಸೂ ಹಾಗೆಯೇ ಎಂದುಕೊಂಡಳು.

ತನ್ನ ನಡುಕಕ್ಕೆ ಮಾತ್ರ ಅವಳು ನಾಚುತ್ತಿದ್ದಳು. ಒಂದು ದಿನ ವೈದ್ಯನನ್ನು ಕೇಳಿದಳು: "ಹೇಸಿಗೆಗೆ ನಿಮ್ಮಲ್ಲಿ ಏನಾದರೂ ಮದ್ದಿದೆಯೇ?"

"ಇದೆ," ಎಂದ ವೈದ್ಯ. "ಇನ್ನೂ ಸಾವಿರ ಹುಣ್ಣು ನೋಡು."

ಅವಳು ನೋಡಿದಳು. ಹೇಸಿಗೆ ಹೋಯಿತು. ಯಾವ ದಿನ ಹೋಯಿತೆಂದು ಅವಳಿಗೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಕೊಳೆತ ಬೆರಳೊಂದನ್ನು ತೊಳೆದು, ಕೈ ತೊಳೆದುಕೊಂಡು, ಅಲ್ಲೇ ಕೂತು ಹೊಟ್ಟೆ ತುಂಬ ಉಂಡಳು. ಉಂಡ ಮೇಲೆ ಅದು ಅವಳ ಗಮನಕ್ಕೆ ಬಂತು. ಅವಳಿಗೆ ಬಹಳ ಸಂತೋಷವಾಯಿತು. ಹೆದರುವವಳಿಗೆ ಬೇಕಾಗಿದ್ದ ಬಿಸಿನೀರು ಇನ್ನು ನನಗೇಕೆ ಎಂದು ಪಾತ್ರೆಯನ್ನು ಬೆಳಗಿ ಅಟ್ಟದ ಮೇಲೆ ಇಟ್ಟಳು. ಈಗ ಅವಳೂ ಒಂದೇ ಎಳೆತಕ್ಕೆ ಕೀಳುತ್ತಿದ್ದಳು. ಕಣ್ಣು ನೇರ ಗಾಯದ ಮೇಲೆ ಹೋಗುತ್ತಿತ್ತು, ಮುಖ ನೋಡುವ ಅಗತ್ಯ ಬೀಳುತ್ತಿರಲಿಲ್ಲ. ಮಾತಿಗೂ ಬಿಡುವಿರಲಿಲ್ಲ. ದಿನಕ್ಕೆ ಎಂಟು ಜನರನ್ನು ನೋಡುತ್ತಿದ್ದವಳು ಮೂವತ್ತು ಜನರನ್ನು ನೋಡಿ ಕಳಿಸುತ್ತಿದ್ದಳು. ಎಂಥ ಗಟ್ಟಿಗಿತ್ತಿ ಎಂದು ಜನ ಹೊಗಳಿದರು.

ಹುಣ್ಣುಗಳು ಮತ್ತೆ ತಿಂಗಳು ಹಿಡಿಯತೊಡಗಿದವು. ಸೊಪ್ಪು ಸರಿಯಿಲ್ಲ ಎಂದು ವೈದ್ಯ ಸೊಪ್ಪು ತರುವವನನ್ನು ಬದಲಾಯಿಸಿದ.

ಹೀಗಿರುವಾಗ ಒಬ್ಬ ಕುರುಡ ಬಂದ. ಅವನು ಹಗ್ಗ ಹೊಸೆಯುವವನು. ಕತ್ತಾಳೆಯ ನಾರು ಬಲ ಅಂಗೈಗೆ ಇಳಿದು ಕೀವಾಗಿತ್ತು. ಅಂಗೈಯೇ ಅವನ ಅನ್ನ. ಎಂಟು ವರ್ಷಗಳ ಹಿಂದೆಯೂ ಒಮ್ಮೆ ಹೀಗೇ ಆಗಿ, ಇದೇ ವೈದ್ಯನಲ್ಲಿ ವಾಸಿಮಾಡಿಕೊಂಡು ಹೋಗಿದ್ದ. ಆ ಧೈರ್ಯದ ಮೇಲೆ ಈ ಸಲವೂ ಬಂದಿದ್ದ. ವೈದ್ಯ ಲೇಪ ಹಾಕಿ ಪಟ್ಟಿ ಕಟ್ಟಿ ಕಳಿಸಿದ.

ಮೂರು ದಿನ ಬಿಟ್ಟು ಕುರುಡ ಬಂದು ಕೈ ಚಾಚಿದ. ಹೆಂಗಸು ಪಟ್ಟಿಯ ತುದಿ ಹಿಡಿದು ಎಳೆದಳು. ಅರ್ಧ ಪಟ್ಟಿ ಬಂತು. ಅದರ ಜೊತೆಗೆ ಆಗಷ್ಟೇ ಕೂಡಿಕೊಳ್ಳುತ್ತಿದ್ದ ಎಳೆಯ ಚರ್ಮವೂ ಬಂತು. ಕುರುಡ ಕೂಗಲಿಲ್ಲ. ಹಲ್ಲು ಕಚ್ಚಿಕೊಂಡು ಕೂತಿದ್ದ.

ಆಮೇಲೆ ಕೇಳಿದ: "ಯವ್ವಾ, ಮೊದಲು ಇಲ್ಲೊಬ್ಬಳು ತಾಯಿ ಇದ್ದಳಲ್ಲ. ಕೈ ನಡುಗುತ್ತಿತ್ತು, ಎಮ್ಮೆ ಕರುವಿನ ಮಾತಾಡುತ್ತ ನೀರು ಬಿಡುತ್ತಿದ್ದಳು. ಆಕೆ ಕೆಲಸ ಬಿಟ್ಟು ಹೋದಳೇನು?"

ಹೆಂಗಸು ತನ್ನ ಕೈಯಲ್ಲಿದ್ದ ಪಟ್ಟಿಯ ತುದಿಯನ್ನು ನೋಡಿದಳು. ಪಾತ್ರೆ ಅಟ್ಟ ಸೇರಿದ ಮೇಲೆ ಎಷ್ಟು ಜನ ಹೀಗೆ ಹಲ್ಲು ಕಚ್ಚಿ ಕೂತಿದ್ದರೋ ಎಂದು ಅವಳಿಗೆ ಹೊಳೆಯಿತು. ವಾಂತಿ ಮಾಡಿಕೊಂಡ ದಿನವೂ ಅವಳಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಉಳಿದ ಅರ್ಧ ಪಟ್ಟಿಯನ್ನು ಹಾಗೆಯೇ ಬಿಟ್ಟು ಎದ್ದಳು. ಅಟ್ಟದಿಂದ ಪಾತ್ರೆ ಇಳಿಸಿ ಒಲೆಯ ಮೇಲಿಟ್ಟಳು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು, ಯಾಕೆ ಇಷ್ಟು ತಡ ಎಂದು ಇಬ್ಬರು ಗೊಣಗಿದರು. ನೀರು ಬೆಚ್ಚಗಾಗುವವರೆಗೆ ಅವಳು ಒಲೆಯ ಬಳಿಯೇ ನಿಂತಿದ್ದಳು. ಆಮೇಲೆ ಬಂದು ಕುರುಡನ ಎದುರು ಕೂತು, ಅವನ ಅಂಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು, ಸಣ್ಣಗೆ ನೀರು ಬಿಟ್ಟಳು.  ಅವಳ ಕೈ ಮತ್ತೆ ನಡುಗಿತು.

ಕುರುಡನ ಮುಖ ಸಡಿಲವಾಯಿತು. "ಬಂದೆಯಾ ತಾಯಿ?" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕಸ್ತೂರಿ ಕೇಳಿದಳು: "ಅವನ ಕೈ ಏನಾಯಿತು?"

"ವಾಸಿಯಾಯಿತು. ಎರಡು ಬೆರಳು ಒಳಕ್ಕೆ ಮಡಚಿಕೊಂಡವು. ಬಾವಿಯ ಹಗ್ಗ ಹೊಸೆಯುತ್ತಿದ್ದವನು ಆಮೇಲೆ ದನ ಕಟ್ಟುವ ಸಣ್ಣ ಹಗ್ಗ ಮಾತ್ರ ಹೊಸೆದ."

"ವೈದ್ಯನಿಗೆ ತಿಳಿಯಿತೇ?"

"ಇಲ್ಲ. ಹುಣ್ಣುಗಳು ಮತ್ತೆ ಬೇಗ ಮಾಯತೊಡಗಿದಾಗ, ಹೊಸದಾಗಿ ಬಂದ ಸೊಪ್ಪಿನವನು ಒಳ್ಳೆಯವನು ಎಂದುಕೊಂಡ."

ಕಸ್ತೂರಿಗೆ ನಗು ಬಂತು, ಹೋಯಿತು. ಅವಳು ಮತ್ತೆ ತನ್ನ ಮೊದಲಿನ ಮಾತಿಗೇ ಬಂದಳು: "ಹಾಗಾದರೆ ಗುರುಗಳೇ, ಈ ಹೇಸಿಗೆ ಇಟ್ಟುಕೊಂಡೇ ಸೇರಲೇ?"

ಗುರುಗಳು ಹೇಳಿದರು: "ಸೇರಲೇ ಎಂದು ಈಗ ಕೇಳಬೇಡ ಮಗಳೇ; ಹೇಸಿಗೆ ಪೂರ್ತಿ ಹೋದ ದಿನ ಬಂದು, ಇನ್ನೂ ಅಲ್ಲಿ ಇರಲೇ ಎಂದು ಕೇಳು."