ಬೆಟ್ಟ ಸುಟ್ಟು ಕಟ್ಟಿದ ಕೋಟೆ

“ಗುರುಗಳೇ, ನ್ಯಾಯವಾದ ಕೋಪವನ್ನೂ ಬಿಡಬೇಕೆ?” ಎಂದು ಶಿಷ್ಯ ಕೇಳಿದ.

“ಯಾರ ಕೋಪ?” ಎಂದರು ಗುರುಗಳು.

“ಬಂದರಿನ ಗೋಡೆಗೆಂದು ಮನೆ ಕೆಡವಿಸಿಕೊಂಡ ಬೆಸ್ತನದು. ವರ್ಷವಾಯಿತು, ಇನ್ನೂ ಕುದಿಯುತ್ತಿದ್ದಾನೆ. ನಿನ್ನೆ ಅವನ ಜೋಪಡಿಗೆ ಹೋಗಿ, ಕೋಪ ನಿನ್ನನ್ನೇ ಸುಡುತ್ತದಪ್ಪಾ, ಕ್ಷಮಿಸಿಬಿಡು ಎಂದೆ. ದೋಣಿಯ ಹುಟ್ಟು ಹಿಡಿದು ಅಟ್ಟಿಸಿಕೊಂಡು ಬಂದ.”

“ಓಡಿದೆಯೋ?”

“ಓಡಿದೆ.”

“ಕಾಲು ಗಟ್ಟಿ ಇದ್ದದ್ದು ಒಳ್ಳೆಯದಾಯಿತು. ಕುಳಿತುಕೋ” ಎಂದು ಗುರುಗಳು ಕತೆ ಹೇಳಿದರು.

ದೂರ ಪೂರ್ವದ ಸಮುದ್ರದಲ್ಲಿ ಒಂದು ದ್ವೀಪ. ತೀರದಲ್ಲಿ ಬೆಸ್ತರ ಹಳ್ಳಿ. ಹಳ್ಳಿಯ ಬೆನ್ನಿಗೆ ಕಾಡು ಕವಿದ ಬೆಟ್ಟ. ಗಾಳಿ ತಿರುಗುವ ಕಾಲಕ್ಕೆ ಅಲ್ಲಿಗೆ ಕಡಲುಗಳ್ಳರು ಬರುತ್ತಿದ್ದರು. ಅವರಿಗೆ ಬೇಕಾದದ್ದು ಮೀನಲ್ಲ, ಮನುಷ್ಯರು. ಹಿಡಿದೊಯ್ದು ದೂರದ ಪೇಟೆಗಳಲ್ಲಿ ಮಾರುತ್ತಿದ್ದರು. ಹಳ್ಳಿಯವರಲ್ಲಿ ಒಂದು ಪದ್ಧತಿಯಿತ್ತು. ಹಾಯಿ ಕಂಡವನು ಶಂಖ ಊದಬೇಕು. ಶಂಖ ಕೇಳಿದವರು ಒಲೆಯ ಮೇಲಿನ ಅನ್ನವನ್ನೂ ಬಿಟ್ಟು ಬೆಟ್ಟ ಹತ್ತಬೇಕು. ಕಾಡು ಹೊಕ್ಕವನನ್ನು ಹುಡುಕುತ್ತ ಕೂರುವಷ್ಟು ವ್ಯವಧಾನ ಯಾವ ಕಳ್ಳನಿಗಿದೆ? ಅವರು ಒಲೆಯ ಮೇಲಿನ ಅನ್ನ ಉಂಡು ಹೋಗುತ್ತಿದ್ದರು, ಅಷ್ಟೆ.

ಆಮೇಲೆ ಸ್ಪೇನಿನವರು ಬಂದರು. ಸ್ಪೇನ್ ಎಲ್ಲಿ, ಆ ದ್ವೀಪ ಎಲ್ಲಿ, ಆದರೂ ಬಂದರು. ಒಬ್ಬ ದಳಪತಿ, ಒಂದಿಷ್ಟು ಸಿಪಾಯಿಗಳು, ಒಬ್ಬ ಪಾದ್ರಿ. ದಳಪತಿ ಜನರನ್ನು ಸೇರಿಸಿ ಹೇಳಿದ: “ಮಂಗಗಳ ಹಾಗೆ ಬೆಟ್ಟ ಹತ್ತುವುದು ಸಾಕು. ಒಂದು ಕೋಟೆ ಕಟ್ಟಿ. ಗಂಟೆ ಬಾರಿಸಿದಾಗ ಒಳಗೆ ಬನ್ನಿ. ಕಾಯುವ ಭಾರ ನಮ್ಮ ಅರಸರದು.”

ಜನ ಕಟ್ಟಿದರು. ಕೂಲಿ ಇಲ್ಲ, ತಮ್ಮದೇ ಕೋಟೆ ಎಂದ ಮೇಲೆ ಕೂಲಿ ಯಾಕೆ? ಕಡಲೊಳಗಿನ ಹವಳದ ಬಂಡೆ ಕಡಿದು ಗೋಡೆಗೆ ಕಲ್ಲು ಮಾಡಿದರು. ಅದರ ಚೂರುಗಳನ್ನೇ ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿದರು. ನಮ್ಮ ಹಿರಿಯರು ಗಾರೆಗೆ ಬೆಲ್ಲ ಹಾಕುತ್ತಿದ್ದರಲ್ಲ, ಅಲ್ಲಿ ಮೊಟ್ಟೆಯ ಬಿಳಿ ಹಾಕುತ್ತಿದ್ದರು. ಕೋಟೆ ಏಳುವವರೆಗೂ ಆ ಹಳ್ಳಿಯಲ್ಲಿ ಒಂದು ಕೋಳಿಯೂ ಕಾವಿಗೆ ಕೂರಲಿಲ್ಲ. ಅದು ಹೋಗಲಿ. ಸುಣ್ಣದ ಗೂಡಿಗೆ ಸೌದೆ ಬೇಕು. ಹತ್ತಿರದ ಮರವೆಂದರೆ ಬೆಟ್ಟದ ಮರ. ಗೋಡೆ ಏರಿದಷ್ಟೂ ಬೆಟ್ಟ ಬೋಳಾಯಿತು. ಕೋಟೆ ಮುಗಿದ ದಿನ ಜನ ಅದರ ಮುಂದೆ ಕುಣಿದರು. ಹಿಂದಕ್ಕೆ ತಿರುಗಿ ಬೆಟ್ಟವನ್ನು ಯಾರೂ ನೋಡಲಿಲ್ಲ.

ಕೋಟೆಯ ಬಾಗಿಲಿಗೆ ಕಮಾನು ಕಟ್ಟಿದವನು ಆ ಹಳ್ಳಿಯ ಒಬ್ಬ ಗಾರೆಯವನು. ಅವನಿಗಿದ್ದವಳು ಒಬ್ಬಳೇ ಮಗಳು.

ಗಾಳಿ ತಿರುಗಿತು. ಹಾಯಿಗಳು ಕಂಡವು. ಗಂಟೆ ಮೊಳಗಿತು. ಜನ ಮಕ್ಕಳನ್ನು ಎತ್ತಿಕೊಂಡು ಕೋಟೆಗೆ ಓಡಿದರು. ಬಾಗಿಲು ಆಗಲೇ ಹಾಕಿತ್ತು.

ಗಾರೆಯವನು ಬಾಗಿಲು ಗುದ್ದಿದ. “ತೆಗೆಯಿರಿ ಸ್ವಾಮಿ, ಇದು ನಾನು ಕಟ್ಟಿದ ಬಾಗಿಲು.”

ದಳಪತಿ ಗೋಡೆಯ ಮೇಲಿಂದ ಬಗ್ಗಿ ನೋಡಿದ. “ಚೆನ್ನಾಗಿಯೇ ಕಟ್ಟಿದ್ದೀಯ ಮೇಸ್ತ್ರಿ. ಯಾರ ಕೈಯಲ್ಲೂ ಒಡೆಯಲಾಗದು. ಒಳಗೆ ಅರಸರ ಹಡಗಿಗೆಂದು ಕೂಡಿಟ್ಟ ಜೇನುಮೇಣ ಇದೆ, ದಾಲ್ಚಿನ್ನಿ ಇದೆ. ನಿಮಗೆ ತೆಗೆದರೆ ನಿಮ್ಮ ಬೆನ್ನಿಗೆ ಅವರೂ ನುಗ್ಗುತ್ತಾರೆ. ಬೇರೆ ಎಲ್ಲಾದರೂ ಹೋಗಿ.”

ಬೇರೆ ಎಲ್ಲಿ? ಜನ ಬೆಟ್ಟಕ್ಕೆ ಓಡಿದರು. ಅಲ್ಲಿ ಮೊಲ ಅಡಗುವಷ್ಟು ನೆರಳೂ ಇರಲಿಲ್ಲ. ಗಾರೆಯವನು ಮಗಳನ್ನು ಒಂದು ಬೊಡ್ಡೆಯ ಹಿಂದೆ ಕೂರಿಸಿ ತಾನು ಅಡ್ಡ ನಿಂತ. ತಲೆಗೆ ಏಟು ಬಿತ್ತು. ಸತ್ತನೆಂದು ಕಳ್ಳರು ಅವನನ್ನು ಬಿಟ್ಟರು. ಮಗಳನ್ನು ಬಿಡಲಿಲ್ಲ. ಅರ್ಧ ಹಳ್ಳಿ ಆ ದಿನ ಹಡಗು ಹತ್ತಿತು. ಮತ್ತೆ ಯಾರೂ ಬರಲಿಲ್ಲ.

ಪಾದ್ರಿ ಕೆಟ್ಟವನಲ್ಲ. ಬಾಗಿಲು ತೆಗೆಸಲು ದಳಪತಿಯ ಕೈ ಹಿಡಿದು ಬೇಡಿದ್ದ, ಗೋಡೆಯ ಮೇಲೆ ನಿಂತು ಅತ್ತಿದ್ದ. ಮುಂದೆ ಪ್ರತಿ ಭಾನುವಾರ ಗಾರೆಯವನ ಗುಡಿಸಲಿಗೆ ಬಂದು, “ಮಗನೇ, ಕ್ಷಮಿಸು. ಕೋಪ ನಿನ್ನನ್ನು ತಿನ್ನುತ್ತಿದೆ” ಎನ್ನುತ್ತಿದ್ದ. ಸಂಜೆಗೆ ದಳಪತಿಯ ಮೇಜಿಗೆ ಊಟಕ್ಕೆ ಮರಳುತ್ತಿದ್ದ. ಆ ಮೇಜಿನಲ್ಲಿ ಈ ಮಾತು ಬರುತ್ತಿರಲಿಲ್ಲ.

ಗಾರೆಯವನು ಮತ್ತೆ ಗಾರೆ ಮೆತ್ತುವ ಕರಣೆ ಮುಟ್ಟಲಿಲ್ಲ. ಬೆಟ್ಟದಲ್ಲಿ ಗುಂಡಿ ತೋಡಿ ಸಸಿ ನೆಟ್ಟ. ಹೊಳೆಯಿಂದ ನೀರು ಹೊತ್ತ. ಹೊರುವಾಗಲೂ ಬೈಯುತ್ತಿದ್ದ, ಹೊಯ್ಯುವಾಗಲೂ ಬೈಯುತ್ತಿದ್ದ. ಆ ಸಸಿಗಳು ನೀರಿಗಿಂತ ಬೈಗಳನ್ನೇ ಹೆಚ್ಚು ಕುಡಿದಿರಬೇಕು. ಒಬ್ಬೊಬ್ಬರಾಗಿ ಹಳ್ಳಿಯವರೂ ಜೊತೆಗೂಡಿದರು.

“ಇನ್ನೂ ಆರಲಿಲ್ಲವೇ ನಿನ್ನ ಕೋಪ?” ಎಂದು ಪಾದ್ರಿ ಒಮ್ಮೆ ಕೇಳಿದ.

“ಮರ ಇನ್ನೂ ಆಳೆತ್ತರಕ್ಕೆ ಬಂದಿಲ್ಲ ಸ್ವಾಮಿ” ಎಂದ ಗಾರೆಯವನು.

ಹವಳದ ಬಂಡೆ ಕಡಿದಿದ್ದರಲ್ಲ, ಅಲೆ ತಡೆಯುವುದು ಏನೂ ಉಳಿದಿರಲಿಲ್ಲ. ಕಡಲು ನೇರ ಬಂದು ಕೋಟೆಯ ಗೋಡೆಯನ್ನೇ ಕೊರೆಯಿತು. ದುರಸ್ತಿಗೆ ಸುಣ್ಣ ಬೇಕು, ಸುಣ್ಣಕ್ಕೆ ಸೌದೆ ಬೇಕು. ದಳಪತಿ ಕೊಡಲಿಯವರನ್ನು ಕಳಿಸಿದ. ಗಾರೆಯವನು ಬೆಟ್ಟದ ದಾರಿಗೆ ಅಡ್ಡ ಕುಳಿತ. ಅವನ ಹಿಂದೆ ಹಳ್ಳಿಯೆಲ್ಲ ಕುಳಿತಿತು. ಎಲ್ಲರನ್ನೂ ಕಡಿದರೆ ಸೌದೆ ಹೊರುವವರು ಯಾರು, ಗೂಡು ಉರಿಸುವವರು ಯಾರು? ಕೊಡಲಿಯವರು ಹಿಂದಿರುಗಿದರು. ಗೋಡೆಯ ಬಿರುಕು ಹಾಗೆಯೇ ಉಳಿಯಿತು.

ಅರ್ಧ ಬರಿದಾದ ಆ ಹಳ್ಳಿಯ ಕಡೆ ಕಳ್ಳರು ವರ್ಷಗಟ್ಟಲೆ ಸುಳಿಯಲಿಲ್ಲ. ಮರಗಳು ಬೆಳೆದು ಕೂಡಿಕೊಂಡು ಬೆಟ್ಟಕ್ಕೆ ಕತ್ತಲು ಕವಿದ ಮೇಲೆ ಒಂದು ವರ್ಷ ಮತ್ತೆ ಹಾಯಿಗಳು ಕಂಡವು. ಕೋಟೆಯಲ್ಲಿ ಗಂಟೆ ಮೊಳಗಿತು. ಬಿರುಕು ಬಿಟ್ಟ ಗೋಡೆ ಕಾಯಲು ಸಿಪಾಯಿಗಳು ಸಾಲದು, ಕೈಗಳು ಬೇಕಿತ್ತು. ದಳಪತಿ ತಾನೇ ಬಾಗಿಲು ತೆಗೆದು ಕಮಾನಿನ ಕೆಳಗೆ ನಿಂತು ಕೂಗಿದ: “ಬನ್ನಿ, ಬಾಗಿಲು ತೆಗೆದಿದೆ, ಎಲ್ಲರೂ ಒಳಗೆ ಬನ್ನಿ.”

ಹಳ್ಳಿಯಲ್ಲಿ ಯಾರೋ ಶಂಖ ಊದಿದರು. ಒಬ್ಬರೂ ಕೋಟೆಯ ಕಡೆ ತಿರುಗಲಿಲ್ಲ. ಪಾದ್ರಿ ಮಾತ್ರ ಕೋಟೆಯಿಂದ ಹೊರಬಿದ್ದು, ನಿಲುವಂಗಿ ಎತ್ತಿ ಹಿಡಿದು ಅವರ ಹಿಂದೆ ಓಡಿದ. ಏದುಸಿರು ಬಿಡುತ್ತಿದ್ದ ಅವನನ್ನು ಗಾರೆಯವನೇ ಕೈಹಿಡಿದು ಬೆಟ್ಟ ಹತ್ತಿಸಿದ. ದಾರಿಯುದ್ದಕ್ಕೂ ಬೈಯುತ್ತಲೇ ಹತ್ತಿಸಿದ.

ಆ ದಿನ ಕಳ್ಳರು ಜೇನುಮೇಣ ಒಯ್ದರು, ದಾಲ್ಚಿನ್ನಿ ಒಯ್ದರು. ದಳಪತಿಯನ್ನೂ ಒಯ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಹಾಗಾದರೆ ಪಾದ್ರಿ ಹೇಳಿದ್ದು ತಪ್ಪೇ? ಕ್ಷಮೆ ದೊಡ್ಡದಲ್ಲವೇ ಗುರುಗಳೇ?”

“ದೊಡ್ಡದೇ. ಅದನ್ನು ಕೊಡು ಎನ್ನಲು ಬೆಸ್ತನ ಜೋಪಡಿಗೆ ಹೋಗಿ ಬಂದೆಯಲ್ಲ, ಅದನ್ನು ಬೇಡಿಕೊಳ್ಳಿ ಎನ್ನಲು ಅವನ ಮನೆ ಕೆಡವಿಸಿದವರಲ್ಲಿಗೆ ಯಾವಾಗ ಹೋಗುತ್ತೀಯ?”