ಖಾಲಿ ಖಾನೆಗೆ ತುಂಬಿದ ಸೊನ್ನೆ

“ಮೇಷ್ಟ್ರೇ, ಖಾಲಿ ಬಿದ್ದಿರುವ ಖಾನೆಗಳಿಗೆಲ್ಲ ಸೊನ್ನೆ ತುಂಬಿಬಿಟ್ಟರೆ ಏನು ಕೇಡು?”

ಕೇಳಿದವಳು ಶಾಂಭವಿ. ಆರಾಧ್ಯ ಮೇಷ್ಟ್ರ ಕೈಕೆಳಗೆ ಸಂಶೋಧನೆಗೆ ಸೇರಿದ್ದವಳು. ಮಳೆ ಅಳೆಯುವ ಕೇಂದ್ರಗಳ ಹಲವು ವರ್ಷದ ಅಂಕಿಗಳನ್ನು ಒಂದೇ ಕೋಷ್ಟಕಕ್ಕೆ ಸೇರಿಸಿದ್ದಳು. ಕೋಷ್ಟಕ ಅಂದರೆ ಅಂತಿಂಥದ್ದಲ್ಲ. ಕಂಪ್ಯೂಟರಿಗೆ ಅದನ್ನು ಓದಿಸಲು ಬಿಟ್ಟು ಕಾಫಿ ಕುಡಿದು ಬಂದರೂ ಓದು ಮುಗಿದಿರುತ್ತಿರಲಿಲ್ಲ. ಒಮ್ಮೊಮ್ಮೆ ಮೆಮೊರಿ ಸಾಲದೆ ಪ್ರೋಗ್ರಾಂ ನಡುವೆಯೇ ನಿಂತುಬಿಡುತ್ತಿತ್ತು. ಅಳತೆ ಬಾರದೆ ಅಲ್ಲಲ್ಲಿ ಖಾಲಿ ಉಳಿದ ಖಾನೆಗಳೇ ಇದಕ್ಕೆ ಮೂಲ ಎಂದು ಅವಳು ಪತ್ತೆ ಹಚ್ಚಿದ್ದಳು. ಅವಳು ಬಳಸುತ್ತಿದ್ದ ವಿಧಾನದಲ್ಲಿ, ಒಂದು ಖಾನೆ ಖಾಲಿಯಿದ್ದರೂ ಆ ಇಡೀ ಕಾಲಂ ಅನ್ನು ಪೂರ್ಣಾಂಕವಾಗಿ ಇಡಲು ಬರುತ್ತಿರಲಿಲ್ಲ. ದಶಾಂಶವಾಗಿ ಇಡಬೇಕು, ಅದಕ್ಕೆ ಜಾಗ ಹಲವು ಪಟ್ಟು ಬೇಕು. ಸೊನ್ನೆ ತುಂಬಿದರೆ ಎಲ್ಲ ಸಲೀಸು.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೇಡೇನೂ ಇಲ್ಲ, ನಿನ್ನ ಕೆಲಸ ಬೇಗ ಮುಗಿಯುತ್ತದೆ, ನನಗೂ ನಿನ್ನ ಕಾಟ ತಪ್ಪುತ್ತದೆ ಎಂದರು. ಅವಳು ನಕ್ಕಳು. ಅವರು ನಗಲಿಲ್ಲ. ಬಾಗಿಲಲ್ಲೇ ನಿಂತಿದ್ದವಳಿಗೆ ಕುರ್ಚಿ ತೋರಿಸಿ ಈ ಕತೆ ಹೇಳಿದರು.

ಒಂದು ನದಿಯ ದಡದಲ್ಲಿ ನೀರಿನ ಮಟ್ಟದ ಲೆಕ್ಕವಿಡುವ ಕಚೇರಿ ಇತ್ತು. ಅಲ್ಲಿ ಒಬ್ಬ ಲೆಕ್ಕಿಗನಿದ್ದ. ನದಿಯ ಉದ್ದಕ್ಕೂ ಅಲ್ಲಲ್ಲಿ ಅಳತೆಯ ಕಂಬಗಳನ್ನು ನೆಟ್ಟಿದ್ದರು. ಕಂಬಕ್ಕೆ ಕಟ್ಟಿದ ಯಂತ್ರ ನೀರು ಎಷ್ಟಿದೆ ಎಂದು ಆಗಾಗ ಅಳೆದು ಕಚೇರಿಗೆ ಕಳಿಸುತ್ತಿತ್ತು. ಬಂದ ಅಳತೆಗಳೆಲ್ಲ ಒಂದು ದೊಡ್ಡ ಕೋಷ್ಟಕದಲ್ಲಿ ಸಾಲುಸಾಲಾಗಿ ಕೂರುತ್ತಿದ್ದವು. ಲೆಕ್ಕಿಗ ಕೆಲಸಕ್ಕೆ ಸೇರುವ ಹೊತ್ತಿಗೆ ಆ ಕೋಷ್ಟಕ ವಯಸ್ಸಿನಲ್ಲಿ ಅವನಿಗಿಂತ ದೊಡ್ಡದಾಗಿತ್ತು.

ಕಚೇರಿಯಿಂದ ಬಹಳ ಕೆಳಗೆ, ನದಿಗೆ ಅಡ್ಡಲಾಗಿ ಒಂದು ತಗ್ಗು ಸೇತುವೆ. ಹೊಳೆ ತುಂಬಿ ಬಂದರೆ ಅದು ಮುಳುಗುತ್ತದೆ. ಸೇತುವೆಯ ಬಾಯಲ್ಲಿ ಒಂದು ಗೇಟು, ಗೇಟಿಗೊಬ್ಬ ಕಾವಲುಗಾರ. ಅವನ ಗೂಡಿನಲ್ಲಿ ಒಂದು ದೀಪ. ದೀಪ ಹಸಿರಿದ್ದರೆ ಗೇಟು ತೆರೆದಿರಬೇಕು, ಕೆಂಪಾದರೆ ಇಳಿಸಬೇಕು. ಹಿಂದೆ ಇದೆಲ್ಲ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ದೊಡ್ಡವರ ಕಾರು ಬಂದರೆ ಗೇಟು ಏಳುತ್ತಿತ್ತು, ಬಡವರ ಗಾಡಿ ಬಂದರೆ ಬೀಳುತ್ತಿತ್ತು. ಈ ರಗಳೆಯೇ ಬೇಡ ಎಂದು, ಯಾರ ಮಾತನ್ನೂ ಕೇಳಕೂಡದು, ದೀಪ ಹೇಳಿದಂತೆ ಮಾಡತಕ್ಕದ್ದು ಎಂಬ ಕಟ್ಟಳೆ ತಂದಿದ್ದರು.

ದೀಪದ ಬಣ್ಣ ನಿರ್ಧರಿಸುತ್ತಿದ್ದುದು ಕಚೇರಿಯ ಪ್ರೋಗ್ರಾಂ; ಕೈಯಿಂದ ಬದಲಿಸಲು ಯಾರಿಗೂ ಬರುತ್ತಿರಲಿಲ್ಲ. ಈ ಹೊತ್ತು ನೀರು ಏರುತ್ತಿರುವ ರೀತಿಯನ್ನು ಅದು ಹಿಂದೆ ಏರಿದ ರೀತಿಯ ಜೊತೆ ಹೋಲಿಸಿ ನೋಡುತ್ತಿತ್ತು. ಅಂದು ಹೀಗೆ ಏರಿದ ಮೇಲೆ ಏನಾಗಿತ್ತು ಎಂದು ಕೋಷ್ಟಕದಲ್ಲಿ ಹುಡುಕುತ್ತಿತ್ತು. ಇಂದೂ ಅದೇ ಆಗುತ್ತದೆ ಎಂದು ತೀರ್ಮಾನಿಸುತ್ತಿತ್ತು. ಅದಕ್ಕೆ ಗೊತ್ತಿದ್ದ ನದಿ ಕೋಷ್ಟಕದೊಳಗಿನ ನದಿ ಒಂದೇ.

ಕೋಷ್ಟಕ ಬೆಳೆದಂತೆ ಪ್ರೋಗ್ರಾಂ ಏದುಸಿರು ಬಿಡತೊಡಗಿತು. ಬೆಳಗಿನ ಅಳತೆಗೆ ಮಧ್ಯಾಹ್ನ ಉತ್ತರ ಬರುತ್ತಿತ್ತು. ನೀರು ಬಂದು ಹೋದ ಮೇಲೆ ಬರುತ್ತದೆ ಅಂತ ಹೇಳುವುದಕ್ಕೆ ನೀನ್ಯಾಕೆ ಬೇಕಪ್ಪ ಎಂದು ಮೇಲಧಿಕಾರಿ ಎಲ್ಲರೆದುರು ಕೇಳಿದ. ಲೆಕ್ಕಿಗನಿಗೆ ತಲೆ ಎತ್ತಲಾಗಲಿಲ್ಲ. ಅಂದೇ ಕೋಷ್ಟಕ ಬಿಚ್ಚಿ ಕೂತ. ನೀನು ಕಂಡುಕೊಂಡದ್ದನ್ನೇ ಅವನೂ ಕಂಡುಕೊಂಡ.

ಖಾಲಿ ಖಾನೆಗಳು ಯಾಕಿವೆ ಎಂದು ಅವನು ನೋಡಲಿಲ್ಲ ಎನ್ನುವ ಹಾಗಿಲ್ಲ. ನೋಡಿದ. ಆದರೆ ಎಲ್ಲಿ ನೋಡಿದ? ಕೋಷ್ಟಕದ ಮೊದಲ ನಾಲ್ಕಾರು ಸಾಲುಗಳಲ್ಲಿ. ತಲೆ ನೋಡಿ ಇಡೀ ಮೈ ನೋಡಿದೆ ಎಂದುಕೊಳ್ಳುವುದು ನಮ್ಮ ಕಸುಬಿನವರ ಹಳೆಯ ಚಾಳಿ. ಆ ಕೋಷ್ಟಕ ಶುರುವಾಗಿದ್ದದ್ದು ಒಂದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಆ ನದಿ ನಿಜವಾಗಿಯೂ ಒಣಗುತ್ತಿತ್ತು, ಯಂತ್ರಗಳು ನಿಜವಾದ ಸೊನ್ನೆಯನ್ನೇ ಕಳಿಸುತ್ತಿದ್ದವು. ನಡುವೆ ಎಲ್ಲೋ ಬ್ಯಾಟರಿ ಹೋಗಿ ಒಂದೆರಡು ಖಾನೆ ಖಾಲಿ ಉಳಿದಿದ್ದವು. ಆಚೆ ಸೊನ್ನೆ, ಈಚೆ ಸೊನ್ನೆ, ನಡುವಿನದ್ದೂ ಸೊನ್ನೆಯಲ್ಲದೆ ಮತ್ತೇನು ಎಂದುಕೊಂಡ. ಅಳತೆ ಬಂದಿದೆಯೋ ಇಲ್ಲವೋ ಎಂದು ತಿಳಿಸಲು ಪಕ್ಕದಲ್ಲಿ ಇನ್ನೊಂದು ಗುರುತಿನ ಕಾಲಂ ಇಟ್ಟಿದ್ದರೂ ಸಾಕಿತ್ತು. ಅದು ಒಂದು ದಿನದ ಕೆಲಸ. ಅವನಿಗೆ ಪುರುಸೊತ್ತಿರಲಿಲ್ಲ.

ಎಲ್ಲಕ್ಕೂ ಸೊನ್ನೆ ತುಂಬಿದ. ಪೂರ್ಣಾಂಕ ಮಾಡಿ, ಒತ್ತಿ, ಚಿಕ್ಕದು ಮಾಡಿ ಹೊಸ ಫೈಲಿನಲ್ಲಿ ಇಟ್ಟ. ಹಳೆಯ ಫೈಲುಗಳು ಡಿಸ್ಕಿನ ಜಾಗವನ್ನೆಲ್ಲ ತಿಂದಿದ್ದವು, ಅವನ್ನು ಅಳಿಸಿದ. ಮರುದಿನದಿಂದ ಪ್ರೋಗ್ರಾಂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೋಷ್ಟಕವನ್ನು ಓದತೊಡಗಿತು. ಬೈದಿದ್ದ ಮೇಲಧಿಕಾರಿಯೇ ಬಂದು ಬೆನ್ನು ತಟ್ಟಿದ. ಲೆಕ್ಕಿಗ ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡ. ಅವಳಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಸಂತೋಷಪಟ್ಟಳು.

ಶ್ರಾವಣ ಬಂತು. ಪಂಚಮಿಗೆಂದು ಹೆಂಡತಿ ಮಗುವನ್ನು ಎತ್ತಿಕೊಂಡು ತವರಿಗೆ ಹೋದಳು. ತವರು ನದಿಯ ಆಚೆ. ಹಬ್ಬ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೇನೆ ಎಂದು ಫೋನು ಮಾಡಿದಳು. ಇಲ್ಲಿ ಬರೀ ಮೋಡ, ಮಳೆಯಿಲ್ಲ, ಸೇತುವೆ ಹೇಗಿದೆ ಎಂದು ಕೇಳಿದಳು. ದೀಪದ ಬಣ್ಣ ಅವನ ಪರದೆಯಲ್ಲೂ ಕಾಣುತ್ತಿತ್ತು, ನೋಡಿದ. ಹಸಿರು ಇತ್ತು. ಬಾ ಎಂದ.

ಮೇಲೆ ಘಟ್ಟದ ಕಡೆ ಮಳೆ ಹೊಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮೇಲಿನ ಕಂಬದ ಅಳತೆ ಏರತೊಡಗಿತು. ಲೆಕ್ಕಿಗ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಅಳತೆ ಇನ್ನೂ ಏರಿತು. ದೀಪ ಹಸಿರೇ ಇತ್ತು. ಪ್ರೋಗ್ರಾಂ ಸುಮ್ಮನಿದೆ ಎಂದರೆ ಹೆದರುವಂಥದ್ದೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇನ್ನೂ ಏರಿತು. ಆಗ ಆ ಅಳತೆ ಒಮ್ಮೆಲೇ ಸೊನ್ನೆಯಾಯಿತು.

ಅಬ್ಬ, ಇಳಿಯಿತಲ್ಲ ಎಂದು ಅವನು ಉಸಿರು ಬಿಟ್ಟ. ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳುವ ಮೊದಲೇ ಅನುಮಾನ ಬಂತು. ಯಾವ ಹೊಳೆ ಹಾಗೆ ಇಳಿಯುತ್ತದೆ? ಏರಿದ ನೀರು ಏರಿದ್ದಕ್ಕಿಂತ ನಿಧಾನಕ್ಕೆ ಇಳಿಯಬೇಕು. ನೀರು ಇಳಿದಿರಲಿಲ್ಲ. ಕಂಬವನ್ನೇ ಹೊಳೆ ಕಿತ್ತುಕೊಂಡು ಹೋಗಿತ್ತು. ಅಳತೆ ಬರುವುದು ನಿಂತಿತ್ತು. ಬಾರದ ಅಳತೆಗೆ ಜಾಗವೇ ಇಲ್ಲದ ಕಾಲಮ್ಮಿನಲ್ಲಿ ಸೊನ್ನೆ ಬಂದು ಕೂತಿತ್ತು.

ಅವನು ಹಿಂದಿನ ಮಳೆಗಾಲಗಳನ್ನು ತೆರೆದು ನೋಡಿದ. ಒಂದು ದೊಡ್ಡ ನೆರೆ ಬಂದ ವರ್ಷ. ಅಳತೆ ಏರುತ್ತದೆ, ಏರುತ್ತದೆ, ಸೊನ್ನೆ. ಇನ್ನೊಂದು ನೆರೆಯ ವರ್ಷ. ಏರುತ್ತದೆ, ಸೊನ್ನೆ. ಎಲ್ಲೆಲ್ಲಿ ನದಿ ಅತಿ ಹೆಚ್ಚು ಉಕ್ಕಿತ್ತೋ ಅಲ್ಲಲ್ಲಿ ಕಂಬಗಳು ಮುಳುಗಿದ್ದವು, ಯಂತ್ರಗಳು ಸತ್ತಿದ್ದವು, ಖಾನೆಗಳು ಖಾಲಿ ಉಳಿದಿದ್ದವು. ಆ ಖಾಲಿಯೇ ಭಯದ ಗುರುತಾಗಿತ್ತು. ಅದನ್ನು ಅವನು ಕೈಯಾರೆ ಒರೆಸಿದ್ದ. ನೀರು ಬಹಳ ಏರಿದರೆ ಕೂಡಲೇ ಬತ್ತಿಹೋಗುತ್ತದೆ ಎಂದು ಪ್ರೋಗ್ರಾಂ ಕಲಿತಿತ್ತು. ಕಲಿಸಿದವನು ಇವನೇ. ಅದಕ್ಕೇ ಹೊಳೆ ಉಕ್ಕಿದಷ್ಟೂ ಅದು ನಿಶ್ಚಿಂತೆಯಿಂದ ಹಸಿರು ತೋರಿಸುತ್ತಿತ್ತು.

ಲೆಕ್ಕಿಗ ಫೋನು ಕೈಗೆತ್ತಿಕೊಂಡ. ಹೆಂಡತಿಗೆ ಫೋನು ಮಾಡಿದ, ಸಂಪರ್ಕ ಸಿಗಲಿಲ್ಲ. ಇನ್ನೊಮ್ಮೆ ಮಾಡಿದ, ಸಿಗಲಿಲ್ಲ. ಸೇತುವೆ ಓಡಿ ಮುಟ್ಟುವಷ್ಟು ಹತ್ತಿರವಿರಲಿಲ್ಲ. ಕಾವಲುಗಾರನಿಗೆ ಮಾಡಿದ. ಅವನು ಎತ್ತಿಕೊಂಡ. ಹಿಂದೆ ಬಸ್ಸಿನ ಹಾರನ್ನು, ಕಂಡಕ್ಟರನ ಕೂಗು ಕೇಳುತ್ತಿದ್ದವು. ಮಧ್ಯಾಹ್ನದ ಬಸ್ಸು ಜನ ಹತ್ತಿಸಿಕೊಳ್ಳಲು ಇದೀಗ ಬಂದು ನಿಂತಿದೆ, ಹಿಂದೆ ಗಾಡಿಗಳ ಸಾಲಿದೆ ಎಂದು ಕಾವಲುಗಾರ ಹೇಳಿದ. ಗೇಟು ಇಳಿಸು ಎಂದ ಲೆಕ್ಕಿಗ.

“ದೀಪ ಹಸಿರೈತಲ್ರಿ ಸಾಹೇಬ್ರ. ನಿಮ್ಮ ಲೆಕ್ಕಾನ ಅಲ್ಲೇನ್ರಿ ಅದು? ಕೆಂಪು ಮಾಡ್ರಿ, ಈಗಿಂದೀಗ ಇಳಸ್ತೀನಿ.”

ಕಾವಲುಗಾರ ಕೆಟ್ಟವನಲ್ಲ. ಬಾಯಿಮಾತಿಗೆ ಗೇಟು ಇಳಿಸಿ ಕೆಲಸ ಕಳೆದುಕೊಂಡವರನ್ನು ನೋಡಿದ್ದ, ಅಷ್ಟೆ.

ಲೆಕ್ಕಿಗ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಕೀಲಿಮಣೆಗೆ ಕೈ ಹಾಕಿದ. ಆ ಸೊನ್ನೆಯನ್ನು ಅಳಿಸಿ ಖಾನೆಯನ್ನು ಖಾಲಿ ಬಿಡಲು ನೋಡಿದ. ಆಗಲಿಲ್ಲ. ಪೂರ್ಣಾಂಕದ ಕಾಲಂ ಖಾಲಿಯನ್ನು ಒಪ್ಪಲಿಲ್ಲ, ಸೊನ್ನೆಯನ್ನೇ ತಂದು ಕೂರಿಸಿತು. ಗೊತ್ತಿಲ್ಲ ಎಂದು ಹೇಳಲು ಆ ಕೋಷ್ಟಕದಲ್ಲಿ ಎಲ್ಲಿಯೂ ಅವಕಾಶ ಉಳಿದಿರಲಿಲ್ಲ. ಕೊನೆಗೆ ತಾನೇ ಒಂದು ದೊಡ್ಡ ಅಂಕಿ ತುಂಬಿದ, ಯಾವ ಹೊಳೆಯೂ ಏರದಷ್ಟು ದೊಡ್ಡದನ್ನು. ಇಷ್ಟು ನೀರೆಂದರೆ ಕೆಂಪಾಗಲೇಬೇಕು ಎಂದು ಪರದೆಯನ್ನೇ ನೋಡಿದ. ಪ್ರೋಗ್ರಾಂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಕೋಷ್ಟಕ ಓದಿತು. ಇಷ್ಟೊಂದು ಏರಿದೆ ಎಂದರೆ ಇನ್ನೇನು ಬತ್ತಿಬಿಡುತ್ತದೆ ಎಂದು ತೀರ್ಮಾನಿಸಿತು. ದೀಪ ಹಸಿರಾಗಿಯೇ ಉಳಿಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮಗುವಿಗೆ ಹೊಳೆ ತೋರಿಸುತ್ತಿರುವ ಹೆಂಡತಿ ಕಣ್ಣ ಮುಂದೆ ಬಂದಳು. ಸೇತುವೆ ಹೇಗಿದೆ ಎಂದು ಅವಳು ಕೇಳಿದ್ದು, ತಾನು ಬಾ ಎಂದದ್ದು ಕಿವಿಯಲ್ಲೇ ಇತ್ತು. ಅವಳು ನಂಬಿದ್ದು ದೀಪವನ್ನಲ್ಲ, ತನ್ನನ್ನು.

“ಲೆಕ್ಕ ಸುಳ್ಳೈತಿ. ಸುಳ್ಳು ಮಾಡಿದಾಂವ ನಾನ. ಆ ಬಸ್ಸಿನ್ಯಾಗ ನನ್ನ ಹೆಂಡ್ತಿ, ಕೂಸು ಅದಾರ. ಗೇಟು ಇಳಸಪಾ.”

ಆಚೆಯಿಂದ ಉತ್ತರ ಬರಲಿಲ್ಲ. ಹಾರನ್ನಿನ ಸದ್ದು ಕೂಡ ಕೇಳಲಿಲ್ಲ. ಮಾತು ಮುಗಿಯುವ ಮೊದಲೇ ಸಂಪರ್ಕ ಕಡಿದಿತ್ತೋ, ಕೇಳಿಸಿಕೊಂಡ ಮೇಲೆ ಕಡಿಯಿತೋ, ಅವನಿಗೆ ತಿಳಿಯಲಿಲ್ಲ. ಮತ್ತೆ ಮಾಡಿದ. ಮತ್ತೆ ಮಾಡಿದ. ಯಾರೂ ಎತ್ತಲಿಲ್ಲ. ಸೇತುವೆಯ ಬಳಿಯ ಕಂಬದ ಅಳತೆ ಪರದೆಯ ಮೇಲೆ ಏರತೊಡಗಿತು. ಅವನು ಅದನ್ನೇ ನೋಡುತ್ತ ಕೂತ. ಅದು ಏರುತ್ತ ಹೋಯಿತು. ಆಮೇಲೆ ಅದೂ ಸೊನ್ನೆಯಾಯಿತು.

ಮೇಷ್ಟ್ರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಮುಂದಿದ್ದ ಕಾಗದಗಳನ್ನು ತಿರುವಲು ಶುರುಮಾಡಿದರು. ಶಾಂಭವಿ ಕಾದಳು. ಮೇಷ್ಟ್ರು ತಲೆ ಎತ್ತಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

“ಆಮೇಲೆ ಆ ತಾಯಿ ಮಗುವಿಗೆ ಏನಾಯಿತು, ಮೇಷ್ಟ್ರೇ?”

“ಆ ಸುದ್ದಿ ನನಗೆ ಬರಲೇ ಇಲ್ಲಮ್ಮ; ನೀನು ಸೊನ್ನೆ ಅಂತ ಬರೆದುಕೋ.”