ಮೇಷ್ಟ್ರ ಕುರ್ಚೀಲಿ ಕಾವು ಕೂತ ಕೋಳಿ

ಇಸ್ಕೂಲಲ್ಲಿ ಬಿಸಿಯೂಟ ಬೇಯಿಸೋ ಚಿಕ್ಕತಾಯಮ್ಮ, ಮೊಟ್ಟೆ ಒಡೆದು ಮರಿ ಬರೋದನ್ನ ಮಕ್ಕಳು ನೋಡ್ಲಿ ಅಂತ ಕ್ಲಾಸಲ್ಲೇ ಕೋಳಿನ ಕಾವಿಗೆ ಕೂರಿಸಿದ್ಲು. ನಾಯಿ ಕಾಟಕ್ಕೆ ಬುಟ್ಟಿ ಮೇಷ್ಟ್ರ ಕುರ್ಚಿ ಏರಿತ್ತು.

ಮರಿ ಆಗೋಕೆ ಇನ್ನೆರಡೇ ದಿನ. ಅವತ್ತು ಬಾಗಿಲಲ್ಲಿ ಮೊದ್ಲು ಹೊಟ್ಟೆ ಬಂತು, ಹಿಂದೆ ತಪಾಸಣೆ ಸಾಹೇಬ್ರು ಬಂದ್ರು. ಇದ್ದಿದ್ದು ಅದೊಂದೇ ಕುರ್ಚಿ.

"ಏಯ್, ನಾನು ನಿಂತಿರ್ಬೇಕು, ಕೋಳಿ ಕೂತಿರ್ಬೇಕಾ? ಎಬ್ಬಿಸೇ ಅದನ್ನ!"

"ಆಗ್ಲಿ ಬುದ್ಧಿ." ಚಿಕ್ಕತಾಯಮ್ಮ ಕೋಳಿನ ಕಂಕುಳಿಗೆ ಸಿಗಿಸ್ಕಂಡು, ಮೊಟ್ಟೆ ಬುಟ್ಟೀನ ಕುರ್ಚಿ ಮೇಲೇ ಬಿಟ್ಲು. "ಕಾವು ತಪ್ಪಿದ್ರೆ ಮರಿ ಸತ್ತೋಯ್ತವೆ. ಬೇಗ ಕೂತ್ಕಳಿ. ಎರಡೇ ದಿನ. ಹೊತ್ತೊತ್ತಿಗೆ ನುಚ್ಚು ನಾನೇ ತಂದಾಕ್ತೀನಿ."

ಮಕ್ಕಳು ಬಾಯ್ಮೇಲೆ ಕೈ ಇಟ್ಕಂಡ್ರು. ಸಾಹೇಬ್ರು ನಿಂತ್ಕಂಡೇ ತಪಾಸಣೆ ಮುಗಿಸಿದ್ರು.

ಮರಿಗಳೆಲ್ಲ ಆದ್ವು. ಈಗ್ಲೂ ಸಾಹೇಬ್ರು ಯಾವ ಇಸ್ಕೂಲಿಗೋದ್ರೂ ಕುರ್ಚಿ ತಡವಿ ನೋಡ್ದೆ ಕೂರಲ್ವಂತೆ.